ಎಡಗಿವಿಯ ಕರೆ

ನನ್ನ ಮಗಳ ಫೋನಿನಲ್ಲಿ ಜಗತ್ತಿನ ಹಾಡೆಲ್ಲ ಇವೆಯಂತೆ. ಇದ್ದು ಏನು ಬಂತು? ಒಂದನ್ನೂ ಕೊನೆಯವರೆಗೆ ಕೇಳುವುದಿಲ್ಲ ಮಹಾರಾಯಗಿತ್ತಿ. ಪಲ್ಲವಿ ಮುಗಿಯುವುದರೊಳಗೆ ಬೆರಳಿನಿಂದ ಮುಂದಕ್ಕೆ ತಳ್ಳಿಬಿಡುತ್ತಾಳೆ. ನಾನು ಬೈದರೆ ನಿನ್ನ ಕಾಲ ಬೇರೆ ಅನ್ನುತ್ತಾಳೆ. ಬೇರೆಯೇ, ಸುಳ್ಳಲ್ಲ. ನಮ್ಮ ಕಾಲದಲ್ಲಿ ಹಾಡಿನ ಯಂತ್ರವೆಂದರೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಪ್ಲಾಸ್ಟಿಕ್ ತುಂಡು. ಒಂದು ಸಣ್ಣ ಪೆನ್ಸಿಲ್ ಸೆಲ್ ಹಾಕಿದರೆ ಅದರ ಪುಟ್ಟ ಪರದೆಯಲ್ಲಿ ನೀಲಿ ಬೆಳಕು ಹತ್ತುತ್ತಿತ್ತು. ಎಂಪಿ-ತ್ರೀ ಪ್ಲೇಯರ್ ಅಂತ ಅದರ ಹೆಸರು. ಹಿಡಿಯುತ್ತಿದ್ದುದೇ ಒಂದಿಷ್ಟು ಹಾಡು. ಹೊಸದೊಂದು ಬೇಕೆಂದರೆ ಹಳೆಯದೊಂದನ್ನು ಅಳಿಸಬೇಕು. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಮನೆಮನೆಯಲ್ಲಿ ಜಗಳ ನಡೆಯುತ್ತಿತ್ತು. ನನ್ನ ವಯಸ್ಸಿನವರು ಈಗ ಅದರ ಸುದ್ದಿ ತೆಗೆದರೆ ಸಾಕು, ಕಣ್ಣು ಅರಳಿಸುತ್ತಾರೆ, ಆಹಾ ಓಹೋ ಅನ್ನುತ್ತಾರೆ. ನನಗೂ ಅದರ ಮೇಲೆ ಪ್ರೀತಿ ಉಂಟು, ಇಲ್ಲವೆನ್ನಲಾರೆ. ಆದರೆ ಅದನ್ನು ನೆನೆದಾಗೆಲ್ಲ ಮೊದಲು ಬರುವುದು ಹೆದರಿಕೆ, ಪ್ರೀತಿ ಆಮೇಲೆ.

ಆಗ ನಾವು ಇದ್ದದ್ದು ದಿಲ್‌ಸುಖ್‌ನಗರದ ಒಂದು ಗಲ್ಲಿಯಲ್ಲಿ. ಇಡೀ ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ ಅದು. ಗೋಡೆಗೊಂದು ಕೋಚಿಂಗ್ ಸೆಂಟರಿನ ಬೋರ್ಡು, ಮನೆಗೊಂದು ಹಾಸ್ಟೆಲು. ನಮ್ಮ ಪಕ್ಕದ ಖಾಲಿ ಜಾಗದಲ್ಲೂ ಸಾಫ್ಟ್‌ವೇರ್ ಕಲಿಯಲು ಬಂದ ಹುಡುಗರಿಗಾಗಿ ಒಂದು ಎತ್ತರದ ಹಾಸ್ಟೆಲ್ ಎದ್ದು ನಮ್ಮ ಬೆಳಕನ್ನೆಲ್ಲ ನುಂಗಿಬಿಟ್ಟಿತ್ತು. ನಮ್ಮದು ರೈಲಿನ ಡಬ್ಬಿಯಂಥ ಮನೆ. ಮುಂದೆ ಪಡಸಾಲೆ, ಒಂದು ಎತ್ತರದ ಮೆಟ್ಟಿಲು ಹತ್ತಿದರೆ ನಡುಮನೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ದೇವರು. ಹಾಸ್ಟೆಲ್ ಎದ್ದಮೇಲೆ ನಡುಮನೆಯ ಕಿಟಕಿ ಅವರ ಗೋಡೆಗೆ ಮುಖ ಮಾಡಿ ನಿಂತಿತು. ಮಟಮಟ ಮಧ್ಯಾಹ್ನ ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಒಳಗೆ ಮುಸ್ಸಂಜೆ. ರಾಯಚೂರು ಕಡೆಯ ಮಂದಿ ನಾವು, ಅಜ್ಜ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ಬೇರು ಬಿಟ್ಟಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋದವನ ಹತ್ತಿರ ಹಿಂದಿ. ಒಳಗೆ ಪುಂಡಿಪಲ್ಯ ಅನಿಸಿಕೊಂಡದ್ದೇ ನನ್ನ ಶಾಲೆಯ ಡಬ್ಬಿಯಲ್ಲಿ ಗೋಂಗೂರ ಆಗುತ್ತಿತ್ತು. ಅಜ್ಜ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ. ಅವರ ಮುಖ ಗೊತ್ತಿದ್ದದ್ದು ಫೋಟೋದಿಂದ, ದನಿ ಗೊತ್ತೇ ಇರಲಿಲ್ಲ. ಪಡಸಾಲೆಯಲ್ಲಿ ಅವರ ಬೆತ್ತದ ಆರಾಮಕುರ್ಚಿ ಇತ್ತು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಆದರೆ ದಿನಾ ಒರೆಸುತ್ತಿದ್ದರು.

ಪ್ಲೇಯರ್ ತಂದವನು ಪ್ರಲ್ಹಾದ ಕಾಕಾ, ಅಪ್ಪನ ತಮ್ಮ, ಮನೆಯವರ ಬಾಯಲ್ಲಿ ಪಲ್ಯಾ. ಹೈಟೆಕ್ ಸಿಟಿಯ ಯಾವುದೋ ಕಂಪನಿಯಲ್ಲಿ ಕೆಲಸ ಸಿಕ್ಕ ಹೊಸತು, ಕೊರಳಲ್ಲಿ ಬ್ಯಾಡ್ಜು ತೂಗುಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ. ಅಮ್ಮ ಅವನಿಗೆ 'ಗಂಟಿ ಕಟ್ಟಿದ ಆಕಳಾ' ಅಂತ ಹೆಸರಿಟ್ಟಿದ್ದಳು. ಕೋಠಿಯ ಬಜಾರಿನಿಂದ ಪ್ಲೇಯರ್ ತಂದು ತಾನೇ ಕೇಳಿಕೊಳ್ಳುತ್ತಾನೆ ಅಂತ ನಾವು ಅಂದುಕೊಂಡರೆ, ಆತ ಅದನ್ನು ಅಜ್ಜಿಯ ಕೈಗಿಟ್ಟ. ಅಜ್ಜಿಯ ಹತ್ತಿರ ಹಳೆಯ ಕ್ಯಾಸೆಟ್ಟುಗಳಿದ್ದವು. ಗಲ್ಲಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಶುಕ್ರವಾರ ಕೂಡಿ ಭಜನೆ ಹಾಡಿದ್ದನ್ನು ಕಾಕಾ ಹುಡುಗನಾಗಿದ್ದಾಗ ಟೇಪ್ ಮಾಡಿದ್ದ. ಅಜ್ಜ ಹೋದಮೇಲೆ ಟೇಪ್‌ರೆಕಾರ್ಡರ್ ಕೆಟ್ಟು ಅಟ್ಟ ಸೇರಿತ್ತು. ಕಾಕಾ ಈಗ ಅದನ್ನು ರಿಪೇರಿ ಮಾಡಿಸಿ, ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಆ ಹಾಡುಗಳನ್ನೆಲ್ಲ ಪ್ಲೇಯರಿಗೆ ಇಳಿಸಿದ. ಇಳಿಸಿ ಮುಗಿಯುವಾಗ ರಿಪೇರಿಯಾದ ಯಂತ್ರ ಕ್ಯಾಸೆಟ್ಟಿನ ರೀಲನ್ನೆಲ್ಲ ಸುತ್ತಿ ತಿಂದುಹಾಕಿತು. ಹೋಗಲಿ ಬಿಡು, ಇನ್ನು ಅದರ ಕೆಲಸ ಏನದ ಅಂತ ಅಮ್ಮ ಕಸದ ಜೊತೆ ಹೊರಗೆ ಹಾಕಿದಳು.

ಬೇಸಗೆ ರಜೆಯಲ್ಲಿ ಮಧ್ಯಾಹ್ನ ಊಟವಾದಮೇಲೆ ಅಜ್ಜಿ ನಡುಮನೆಯ ಚಾಪೆಯ ಮೇಲೆ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ನಾನು ಪಕ್ಕದಲ್ಲಿ. ಒಂದೇ ಇಯರ್‌ಫೋನು, ಎರಡು ಕುಡಿ. ಅಜ್ಜಿಯ ಬಲಗಿವಿ ಎಂದೋ ಬಂದ ಜ್ವರದಲ್ಲಿ ಮಂದವಾಗಿತ್ತು, ಅದಕ್ಕೆ ಎಡದ್ದು ಯಾವಾಗಲೂ ಅವಳಿಗೆ, ಬಲದ್ದು ನನಗೆ. ಹಾಡುಗಳನ್ನು ಕಲಸಿ ಹಾಕುವ ಗುಂಡಿಯೊಂದನ್ನು ಕಾಕಾ ಒತ್ತಿಬಿಟ್ಟಿದ್ದ. ಯಾವ ಹಾಡಿನ ಹಿಂದೆ ಯಾವುದು ಬರುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಜ್ಜಿಗೆ ಅದೇ ಖುಷಿ. 'ಈಗ ನೋಡು ಸುಬ್ಬಕ್ಕನ ಹಾಡು ಬರ್ತದ' ಅಂತ ಪಣ ಕಟ್ಟಿ ಸೋಲುತ್ತಿದ್ದಳು. ಒಂದು ಮಧ್ಯಾಹ್ನ ಹಾಗೇ ಕೇಳುತ್ತ ಕುಳಿತಿದ್ದಾಗ ಅವಳ ಬೆರಳು ಹತ್ತಿಯ ಮೇಲೆ ನಿಂತುಬಿಟ್ಟಿತು. ತಲೆ ಎತ್ತಿ ಪಡಸಾಲೆಯ ಕಡೆ ನೋಡಿದಳು. ನನ್ನ ಕಿವಿಯಲ್ಲಿ ಹೆಂಗಸರು ಹಾಡುತ್ತಲೇ ಇದ್ದರು, ಬೇರೇನೂ ಇಲ್ಲ.

"ಬಂದೆ ರೀ," ಅಂದಳು ಅಜ್ಜಿ, ಗಟ್ಟಿಯಾಗಿ.

"ಯಾರ ಕರದ್ರು ಅಜ್ಜಿ?"

"ಯಾರಿಲ್ಲ. ನೀ ಬತ್ತಿ ಹೊಸಿ."

ಅಡುಗೆಮನೆಯಿಂದ ಅಮ್ಮ ಕೂಗಿ ಹೇಳಿದಳು: "ಬಾಗಲಕ್ಕ ಯಾರ ಬಂದಾರ ನೋಡ." ಹೋಗಿ ನೋಡಿದೆ. ಗಲ್ಲಿಯಲ್ಲಿ ಬಿಸಿಲು ಬಿಟ್ಟರೆ ನರಪಿಳ್ಳೆ ಇರಲಿಲ್ಲ.

ಆಮೇಲೆ ಇದೇ ಆಯಿತು. ದಿನಾ ಅಲ್ಲ, ಆದರೆ ಆಗಾಗ. ಅಜ್ಜಿ ಓಗೊಡುವುದು, ನಾನು ಬಾಗಿಲಿಗೆ ಓಡುವುದು, ಅಲ್ಲಿ ಯಾರೂ ಇಲ್ಲದಿರುವುದು. ಬರಬರುತ್ತ ಅವಳು ಬರೀ ಓಗೊಟ್ಟು ಸುಮ್ಮನಾಗಲಿಲ್ಲ. ಕಿವಿಯ ಕುಡಿ ಕಿತ್ತಿಟ್ಟು, ಸೆರಗು ಸರಿಮಾಡಿಕೊಂಡು, ಒಂದು ಲೋಟ ನೀರು ತುಂಬಿ ಪಡಸಾಲೆಗೆ ಹೋಗಿ ಬೆತ್ತದ ಕುರ್ಚಿಯ ಪಕ್ಕದ ನೆಲದ ಮೇಲೆ ಇಟ್ಟುಬರುತ್ತಿದ್ದಳು. ಏನೂ ಆಗದವಳ ಹಾಗೆ ಮತ್ತೆ ಬತ್ತಿಗೆ ಕೂರುತ್ತಿದ್ದಳು. ಸಂಜೆ ಲೋಟ ಎತ್ತಲು ಹೋದರೆ ನೀರು ಒಂದಿಷ್ಟು ಇಳಿದಿರುತ್ತಿತ್ತು. ಹೈದರಾಬಾದಿನ ಬೇಸಗೆಯಲ್ಲಿ ನೀರು ಇಳಿಯದೆ ಏರುತ್ತದೇನು ಅಂತ ಈಗ ಅನ್ನಬಹುದು. ಆಗ ಅನ್ನುವ ಧೈರ್ಯ ನನಗಿರಲಿಲ್ಲ. ಪಾತ್ರೆ ತಿಕ್ಕಲು ಬರುತ್ತಿದ್ದ ಯಾದಮ್ಮ ಒಮ್ಮೆ ಇದನ್ನು ಕಂಡಳು. 'ಅಮ್ಮೋ, ಮುಸಲಮ್ಮನಿ ಎವರೋ ಪಿಲುಸ್ತುನ್ನಾರು' ಅಂತ ತೆಲುಗಿನಲ್ಲಿ ಬಾಯಿ ಬಡಿದುಕೊಂಡು, ಮುದುಕಮ್ಮನನ್ನು ಕರೆಯುವವರು ಯಾರೋ ಬಂದಿದ್ದಾರೆಂದು ಗಲ್ಲಿಗೆಲ್ಲ ಸಾರಿದಳು. ಮರುದಿನದಿಂದ ಅವಳು ಬೆಳಿಗ್ಗೆ ಮಾತ್ರ ಬರತೊಡಗಿದಳು. ಅಮ್ಮ ಮಧ್ಯಾಹ್ನದ ಪಾತ್ರೆ ತಾನೇ ತಿಕ್ಕುತ್ತ ಅರಳು ಮರಳು ಸುರು ಆತು, ಡಾಕ್ಟರಿಗೆ ತೋರಸಬೇಕು ಅಂತ ಗೊಣಗಿದಳು. ನನಗೆ ಅದು ಅರಳು ಮರಳು ಅನ್ನಿಸಲಿಲ್ಲ. ಅಜ್ಜಿ ನಿಜವಾಗಿ ಯಾರದೋ ಮಾತು ಕೇಳುತ್ತಿದ್ದಳು. ಹೀಗೇ ಒಂದು ದಿನ ಎದ್ದು ಹೋದವಳು ವಾಪಸು ಬರದಿದ್ದರೆ? ಆ ಹೆದರಿಕೆಗೆ ನಾನು ಅವಳ ಸೆರಗಿನ ತುದಿಯನ್ನು ನನ್ನ ಫ್ರಾಕಿನ ಬೆಲ್ಟಿಗೆ ಗಂಟು ಹಾಕಿಕೊಂಡು ಕೂರತೊಡಗಿದೆ. ಅವಳು ನಕ್ಕು ಗಂಟು ಬಿಚ್ಚುತ್ತಿದ್ದಳು.

ಗುಟ್ಟು ರಟ್ಟಾದದ್ದು ಹಾಲಿನಿಂದ. ಒಲೆಯ ಮೇಲೆ ಹಾಲಿಟ್ಟು ಅಮ್ಮ ಹಿತ್ತಿಲಿಗೆ ಹೋಗಿದ್ದಳು. ಉಕ್ಕುವ ವಾಸನೆ ಬಂತೆಂದು ಅಜ್ಜಿ ಇಯರ್‌ಫೋನ್ ಕಿತ್ತು ನನ್ನ ಮಡಿಲಿಗೆ ಹಾಕಿ ಒಳಗೆ ಓಡಿದಳು. ಎರಡೂ ಕುಡಿ ನನಗೇ ಸಿಕ್ಕವಲ್ಲ ಅಂತ ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಅದೇ ಹಾಡು. ಬಲಗಿವಿಯಲ್ಲಿ ತಾಳ, ಹೆಂಗಸರ ದನಿ, ನನಗೆ ಬಾಯಿಪಾಠವಾದದ್ದು. ಎಡಗಿವಿಯಲ್ಲಿ ಮಾತ್ರ ನನ್ನ ಮನೆಯೇ ಇತ್ತು. ಫ್ಯಾನಿನ ಕಿರುಗುಟ್ಟುವಿಕೆ, ದೂರದಲ್ಲಿ ಯಾರೋ ಕೆಮ್ಮಿದ್ದು, ಬೆತ್ತ ಕಿರ್ ಅಂದದ್ದು. ಆಮೇಲೆ ಪಡಸಾಲೆಯ ದಿಕ್ಕಿನಿಂದಲೇ ಒಬ್ಬ ಗಂಡಸಿನ ದನಿ.

"ಗುಂಡಾ!"

ಒಂದೇ ಸಲ. ನಾನು ತಿರುಗಿ ನೋಡಿದೆ, ದೇವರಾಣೆಗೂ ನೋಡಿದೆ. ಕುರ್ಚಿ ಖಾಲಿ ಇತ್ತು. ಹೆಂಗಸರು ಏನೂ ಕೇಳದವರ ಹಾಗೆ ಹಾಡು ಮುಂದುವರಿಸಿದರು. ಯಾರೂ ಓ ಅನ್ನಲಿಲ್ಲ. ನಾನು ಪ್ಲೇಯರನ್ನು ಚಾಪೆಯ ಮೇಲೆ ಬಿಸಾಕಿ ಅಡುಗೆಮನೆಗೆ ಓಡಿ ಅಜ್ಜಿಯ ಸೊಂಟ ಹಿಡಿದುಕೊಂಡೆ. ಅವಳು ಏನಾಯಿತೆಂದು ಕೇಳಲಿಲ್ಲ. ಹಾಲಿನ ಕೆನೆ ಬೆರಳಿಗೆ ಹಚ್ಚಿ ನನ್ನ ಬಾಯಿಗಿಟ್ಟಳು.

ಅಂದು ಸಂಜೆ ಊಟಕ್ಕೆ ಕುಳಿತಾಗ ನನ್ನ ನಾಲಿಗೆ ತಡೆಯಲಿಲ್ಲ. ಅಜ್ಜಿ ದೇವರ ಮುಂದೆ ಇದ್ದಳು. ಅಪ್ಪ ರೊಟ್ಟಿ ಮುರಿಯುತ್ತಿದ್ದ.

"ಅಪ್ಪಾ, ಗುಂಡಾ ಅಂದ್ರ ಯಾರು?"

ಅಪ್ಪನ ಕೈ ತಾಟಿನಲ್ಲೇ ನಿಂತಿತು. "ಯಾರ ಹೇಳಿದ್ರು ನಿನಗ ಆ ಹೆಸರಾ?"

"ಅಜ್ಜಿ ಪ್ಲೇಯರ್‌ದಾಗ ಒಬ್ಬಾಂವ ಕೂಗ್ತಾನ."

ಅಪ್ಪ ಎದ್ದು ಕೈ ತೊಳೆದು ಹೊರಗೆ ಹೋಗಿಬಿಟ್ಟ. ಶೇಂಗಾ ಚಟ್ನಿ ಹಾಕಿಸಿಕೊಂಡದ್ದು ಹಾಗೇ ಉಳಿಯಿತು. ಕಾಕಾ ಪ್ಲೇಯರ್ ತೆಗೆದುಕೊಂಡು ಎಡದ ಕುಡಿ ಹಾಕಿಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅವನ ಕಣ್ಣು ತುಂಬಿದವು. "ಅಪ್ಪನ ದನಿ," ಅಂದ. "ಟೇಪ್ ಮಾಡೂ ಹೊತ್ತಿನ್ಯಾಗ ಪಡಸಾಲಿಯೊಳಗಿಂದ ಕರದಾರ, ಆ ಕಡೆ ಮೈಕಿಗಷ್ಟ ಬಿದ್ದದ, ಅದಕ್ಕ ಎಡಗಿವ್ಯಾಗಷ್ಟ ಬರ್ತದ. ಸ್ಪೀಕರಿನ್ಯಾಗ ಎಂದೂ ಕೇಳಿಸಿದ್ದಿಲ್ಲ, ನೋಡು." ಆಮೇಲೆ ನನ್ನನ್ನು ಪಕ್ಕ ಕೂರಿಸಿಕೊಂಡು ಹೇಳಿದ. ನಮ್ಮ ಮಂದಿಯಲ್ಲಿ ಗಂಡನ ಹೆಸರನ್ನು ಹೆಂಡತಿ ಹೇಳುವ ಹಾಗಿಲ್ಲ, ಹೆಂಡತಿಯ ಹೆಸರು ಹಿಡಿದು ಗಂಡನೂ ಕರೆಯುತ್ತಿರಲಿಲ್ಲ. ಹಿರಿಯ ಮಗನ ಹೆಸರು ಕೂಗಿದರೆ ಹೆಂಡತಿ ಓ ಅಂತ ಬರಬೇಕು, ಅದೇ ರೂಢಿ. ಗುಂಡಾ ಅಜ್ಜಿಯ ಮೊದಲ ಮಗ. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ಹೋಗಿಬಿಟ್ಟ. ಮಗು ಹೋದರೂ ಅಜ್ಜನ ನಾಲಿಗೆಗೆ ಹತ್ತಿದ ಕರೆ ಹೋಗಲಿಲ್ಲ. ಅಪ್ಪ ಹುಟ್ಟಿದ, ಕಾಕಾ ಹುಟ್ಟಿದ. ಅಜ್ಜ ಮಾತ್ರ ಸಾಯುವವರೆಗೂ ಹೆಂಡತಿಯನ್ನು ಗುಂಡಾ ಅಂತಲೇ ಕರೆದರು, ಅಜ್ಜಿ ಬಂದೆ ರೀ ಅಂತಲೇ ಎದ್ದಳು. ಟೇಪ್ ಮಾಡಿದ ಆ ಶುಕ್ರವಾರ ಒಂದು ದಿನ, ಹತ್ತು ಹೆಂಗಸರ ನಡುವೆ ಹಾಡುತ್ತಿದ್ದವಳು, ಹಾಡು ಬಿಟ್ಟು ಏಳಲಾಗದೆ ಸುಮ್ಮನೆ ಕುಳಿತಿದ್ದಿರಬೇಕು.

ವಿಷಯ ತಿಳಿದರೆ ಹೆದರಿಕೆ ಹೋಗಬೇಕಲ್ಲವೇ? ನನ್ನದು ಹೆಚ್ಚಾಯಿತು. ಮೊದಲು ಯಾರೋ ಕರೆಯುತ್ತಿದ್ದರು. ಈಗ ಸತ್ತ ಅಜ್ಜ ಸತ್ತ ಮಗುವಿನ ಹೆಸರು ಹಿಡಿದು ಬದುಕಿರುವ ಅಜ್ಜಿಯನ್ನು ಕರೆಯುತ್ತಿದ್ದರು. ಮರುವಾರವೇ ಆಗಬಾರದ್ದು ಆಯಿತು. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು, ನಡುಮನೆಯಲ್ಲಿ ಪ್ಲೇಯರಿನ ನೀಲಿ ಬೆಳಕೊಂದೇ. ಕರೆ ಬಂತೆಂದು ಕಾಣುತ್ತದೆ, ಅಜ್ಜಿ ಈ ಸಲ ಕಿವಿಯ ಕುಡಿ ಕೀಳುವುದನ್ನೂ ಮರೆತು ದಡಕ್ಕನೆ ಎದ್ದಳು. ತಂತಿ ಜಗ್ಗಿ ನನ್ನ ಕಿವಿಯೂ ಅವಳ ಜೊತೆ ಹೊರಟಿತು. ನಾನು ಚೀರಿದೆ. ಅವಳು ಕತ್ತಲಲ್ಲಿ ಪಡಸಾಲೆಯ ಮೆಟ್ಟಿಲು ತಪ್ಪಿ ಮುಂದಕ್ಕೆ ಬಿದ್ದಳು. ಮುಂಗೈ ಊದಿ ಬದನೆಕಾಯಿಯಾಯಿತು, ಹಣೆಯಲ್ಲಿ ರಕ್ತ ಬಂತು. ಅಮ್ಮ ಅರಿಶಿನ ಒತ್ತುತ್ತಿದ್ದರೆ ಅಜ್ಜಿ ಕುರ್ಚಿಯ ಕಡೆ ನೋಡಿ 'ಬಂದೆ, ಬಂದೆ' ಅನ್ನುತ್ತಲೇ ಇದ್ದಳು.

ಅಪ್ಪ ಆಫೀಸಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ಪ್ಲೇಯರ್ ಕೇಳಿದ.

"ಪಲ್ಯಾ, ಅದನ್ನ ಅಳಸು. ಈಗಿಂದೀಗ ಅಳಸು."

"ಅಣ್ಣಾ, ಕ್ಯಾಸೆಟ್ ಹೋಗ್ಯದ, ಕಂಪ್ಯೂಟರಿನ್ಯಾಗೂ ಇಟ್ಟಿಲ್ಲ. ಇದನ್ನ ಅಳಸಿದ್ರ ಅಪ್ಪನ ದನಿ ಇನ್ನೆಲ್ಲೂ ಉಳಿಯಂಗಿಲ್ಲ."

"ಹೋಗಲಿ! ಅವ್ವ ಉಳೀಬೇಕೋ, ದನಿ ಉಳೀಬೇಕೋ? ಇವತ್ತ ಕೈ ಮುರಕೊಂಡಾಳ. ನಾಳೆ ಕರಕೊಂಡ ಹೋದ್ರ ಏನ ಮಾಡ್ತಿ?"

"ದನಿ ಯಾರನ್ನರ ಕರಕೊಂಡ ಹೋಗ್ತದೇನಣ್ಣಾ? ಓದಿದಾಂವ ನೀ."

"ನನಗ ಕಲಸಬ್ಯಾಡ ನೀ!" ಅಪ್ಪನ ದನಿ ಒಡೆಯಿತು. "ಆ ಹೆಸರು ಕೂಗಿದಾಗೆಲ್ಲಾ ನಾನೂ ಓ ಅಂತ ಓಡ್ತಿದ್ದೆ, ಸಣ್ಣಾಂವಿದ್ದಾಗ. 'ನಿನಗಲ್ಲೋ' ಅಂತಿದ್ರು. ಒಂದ ದಿನಾ, ಒಂದ ದಿನಾ ನನ್ನ ಹೆಸರಿಂದ ಅವ್ವನ್ನ ಕರೀಲಿಲ್ಲ. ನಾ ಈ ಮನಿಯೊಳಗ ಇದ್ದೆ ಇಲ್ಲೋ?"

ಅಪ್ಪ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಚಾಪೆಯ ಮೇಲೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಜ್ಜಿ ಮೆಲ್ಲಗೆ ಎದ್ದು ಕುಳಿತಳು. ವೆಂಕೂ, ಬಾ ಇಲ್ಲಿ ಅಂತ ಅಪ್ಪನನ್ನು ಪಕ್ಕಕ್ಕೆ ಕರೆದು, ನೋಯದ ಕೈಯಿಂದ ಅವನ ತಲೆ ಸವರಿದಳು. ಆಮೇಲೆ ಕಾಕಾನ ಕಡೆ ತಿರುಗಿದಳು.

"ಪಲ್ಯಾ, ಇದರೊಳಗ ನಾವ ಮಾತಾಡಿದ್ರ ಹೋಗ್ತದೇನು?"

"ಹೋಗ್ತದವ್ವ. ಮೈಕ್ ಅದ."

"ಅವರು ಕೂಗಿದ ಮ್ಯಾಲೆ, ಅದರ ಹಿಂದ ನನ್ನ ಮಾತು ಬರೂಹಂಗ ಮಾಡ್ಲಿಕ್ಕೆ ಬರ್ತದ?"

"ಕಂಪ್ಯೂಟರಿನ್ಯಾಗ ಜೋಡಸ್ಬಹುದು. ಏನ ಅಂತಿ?"

"ಅದನ್ನ ನಾ ನೋಡ್ಕೋತೀನಿ. ನೀ ಗುಂಡಿ ಒತ್ತು."

ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬೆತ್ತದ ಕುರ್ಚಿಗೆ ಎದುರಾಗಿ, ಮೆಟ್ಟಿಲಿನ ಮೇಲೆ ಕುಳಿತಳು. ಕಾಕಾ ಪ್ಲೇಯರನ್ನು ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಜೀವಮಾನದಲ್ಲಿ ಗಂಡನಿಗೆ ಎದುರು ಮಾತಾಡಿದವಳಲ್ಲ. ಗಂಟಲು ಸರಿಮಾಡಿಕೊಂಡಳು.

"ರೀ, ಕೇಳ್ರಿ. ಗುಂಡಾ ಇಲ್ಲ. ಗುಂಡಾ ಹೋಗಿ ಭಾಳ ವರ್ಷ ಆದವು. ನೀವು ಕೂಗಿದಾಗೆಲ್ಲಾ ಒಂದ ಕ್ಷಣ, ನನ್ನ ಕೂಸು ಅಂಗಳದಾಗ ಅದನೋ ಏನೋ ಅನಸ್ತಿತ್ತು. ಆಮ್ಯಾಲೆ ಇಲ್ಲಲ್ಲಾ ಅನಸ್ತಿತ್ತು. ದಿನಾ ಹಿಂಗ. ನಿಮಗ ಹೇಳಲಿಲ್ಲ ನಾ. ಈಗ ಹೇಳ್ತೀನಿ. ನನ್ನ ಹೆಸರು ರಮಾಬಾಯಿ. ಮದುವ್ಯಾಗ ಅಕ್ಕಿಯೊಳಗ ಉಂಗುರದಿಂದ ನೀವ ಬರದ ಹೆಸರದು. ಬರದಿರಿ, ಬಾಯಿಲೆ ಒಮ್ಮೆನೂ ಅನ್ನಲಿಲ್ಲ. ಇನ್ನ ಮ್ಯಾಲೆ ಕರೀಬೇಕಾದ್ರ ಆ ಹೆಸರು ಹಿಡದು ಕರೀರಿ. ಆವಾಗ ಬರ್ತೀನಿ."

ಕಾಕಾ ಗುಂಡಿ ಬಿಡಲು ಹೋದ. ಅಜ್ಜಿ ಅವನ ಕೈ ತಡೆದಳು.

"ನಾ ಅಂದ ಮ್ಯಾಲೆ ಸ್ವಲ್ಪ ಜಾಗಾ ಬಿಡಪಾ. ಅವರು ಏನರ ಅಂದ್ರ ಕೇಳಸಬೇಕಲ್ಲ."

ಕಾಕಾ ಹಾಗೇ ಜೋಡಿಸಿದ. ಅಜ್ಜನ ಕರೆ, ಅದರ ಹಿಂದೆ ಅಜ್ಜಿಯ ಮಾತು, ಅದರ ಹಿಂದೆ ಏನೂ ಇಲ್ಲದ ಒಂದಷ್ಟು ಹೊತ್ತು, ಆಮೇಲೆ ಮತ್ತೆ ಹೆಂಗಸರ ಹಾಡು. ಅಪ್ಪ ಒಮ್ಮೆ ಪೂರ್ತಿ ಕೇಳಿ ಪ್ಲೇಯರನ್ನು ಅಜ್ಜಿಗೆ ವಾಪಸು ಕೊಟ್ಟ. ಅಳಿಸುವ ಮಾತು ಮತ್ತೆ ಎತ್ತಲಿಲ್ಲ.

ಅಂದಿನಿಂದ ಅಜ್ಜಿ ಏಳುವುದು ನಿಂತಿತು. ನೀರಿನ ಲೋಟ ನಿಂತಿತು. ಯಾದಮ್ಮ ಮಧ್ಯಾಹ್ನ ಬರತೊಡಗಿದಳು. ಕೈಯ ಊತ ಇಳಿದು ಅಜ್ಜಿ ಮತ್ತೆ ಬತ್ತಿಗೆ ಕುಳಿತಳು. ಮನೆಯವರೆಲ್ಲ ಉಸಿರು ಬಿಟ್ಟರು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನ್ನ ಜೀವ ಮಾತ್ರ ಅಂಗೈಯಲ್ಲಿತ್ತು. ಎಲ್ಲರೂ 'ಹೆಸರು ಹಿಡದು ಕರೀರಿ' ಅಂದದ್ದನ್ನು ಕೇಳಿ ಭಲೇ ಅಂದಿದ್ದರು. ಅದರ ಹಿಂದೆ 'ಆವಾಗ ಬರ್ತೀನಿ' ಅಂದದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ ಅಂತ ಕಾಣುತ್ತದೆ. ಅಜ್ಜಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆ ಹಾಡು ಬಂದಾಗೆಲ್ಲ, ಅವಳ ಮಾತು ಮುಗಿದು ಆ ಖಾಲಿ ಜಾಗ ಸುರುವಾದಾಗ, ನಾನು ಕಣ್ಣು ಮುಚ್ಚಿಕೊಂಡು ಬೇಡ ಬೇಡ ಅಂತ ಒಳಗೊಳಗೇ ಜಪಿಸುತ್ತಿದ್ದೆ. ಹಾಡು ಮತ್ತೆ ಬಂದರೆ ಗೆದ್ದೆ. ದಿನಾ ಗೆಲ್ಲುತ್ತಿದ್ದೆ.

ರಜೆ ಮುಗಿಯುತ್ತ ಬಂದಿತ್ತು. ಮೋಡ ಕಟ್ಟಿ ನಡುಮನೆ ಇನ್ನೂ ಕಪ್ಪಾಗಿದ್ದ ಒಂದು ಮಧ್ಯಾಹ್ನ, ಹಾಡು ಬಂತು. ಅಜ್ಜಿಯ ಮಾತು ಮುಗಿಯಿತು. ಖಾಲಿ ಜಾಗ ಸುರುವಾಯಿತು. ನನ್ನ ಬಲಗಿವಿಯಲ್ಲಿ ಸದ್ದೇ ಇಲ್ಲ. ಪಕ್ಕದಲ್ಲಿ ಅಜ್ಜಿಯ ಕೈಯಿಂದ ಹತ್ತಿ ಜಾರಿ ಚಾಪೆಗೆ ಬಿತ್ತು. ನೋಡಿದರೆ ಅವಳ ಮುಖ ಕೆಂಪೇರಿತ್ತು. ಮದುವೆಯ ಮನೆಯಲ್ಲಿ ಹುಡುಗಿಯರು ಕಾಡಿಸಿದಾಗ ಆಗುತ್ತದಲ್ಲ, ಹಾಗೆ. ನಾನು ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಜ್ಜಿ, ಕರದ್ರೇನು?"

ತಲೆಯಾಡಿಸಿದಳು.

"ಗುಂಡಾ ಅಂತ?"

ಅಲ್ಲವೆಂದು ತಲೆಯಾಡಿಸಿದಳು.

ನನಗೆ ಅಳು ಬಂದುಬಿಟ್ಟಿತು. "ಮತ್ತ ನೀ ಹೋಗ್ತೀ?"

ಅಜ್ಜಿ ನನ್ನ ಬಾಯಿಯ ಮೇಲೆ ಬೆರಳಿಟ್ಟಳು. ಕಿವಿಯ ಕುಡಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡಳು.

"ತಡಿ, ಕೂಸ. ಗದ್ದಲಾ ಮಾಡಬ್ಯಾಡ. ಇನ್ನೊಮ್ಮೆ ಕರೀಲಿ ಅಂತ ಕೂತೀನಿ."